ಕಿಟಕಿ ಪಕ್ಕದ ತಟ್ಟೆಯಲ್ಲಿ ಐದು ತೊಟ್ಟು

ಸ್ನೇಹಿತರೇ, ನಲವತ್ತು ದಿನ ಮೊಳಕೆ ಕಾಳು, ಸೌತೆಕಾಯಿ ತಿಂದು ನಾಲ್ಕು ಕಿಲೋ ಇಳಿಸಿದವಳು ಇವತ್ತು ಸಂಜೆ ದಾಸನಕೊಪ್ಪದಲ್ಲಿ ಸೋತೆ. ಬಸ್ಸಿಳಿದವಳೇ ನಾನು ಮೊದಲು ದಿನಾ ಹೋಗುತ್ತಿದ್ದ ಮಿರ್ಚಿ ಅಂಗಡಿಗೆ ನುಗ್ಗಿದೆ.

ಬಾಣಲೆ ಮುಂದಿದ್ದ ನೀಲಮ್ಮ ನನ್ನನ್ನು ನೋಡಿ ಸೌಟನ್ನು ಎಣ್ಣೆಯಲ್ಲೇ ಬಿಟ್ಟಳು. "ಅಲ್ರೀ ಅಕ್ಕಾರ, ಈಗಷ್ಟ ಕೈ ತೊಳಿಯಾಕ ಹಿತ್ತಲಿಗೆ ಹೋದ್ರಿ. ಮುಂದಿನ ಬಾಗಲದಿಂದ ಹೆಂಗ ಬಂದ್ರಿ?"

"ನಾನು ಇಲ್ಲಿಗೆ ಬರದೇ ನಲವತ್ತು ದಿನ ಆತು ಮಾರಾಯ್ತಿ."

"ದಿನಾ ಬರ್ತೀರಿ. ಮೊದ್ಲಿನಂಗ ಮಾತಾಡಂಗಿಲ್ಲ, ಅಷ್ಟ."

ಕಿಟಕಿ ಪಕ್ಕದ ಟೇಬಲ್ಲು ತೋರಿಸಿದಳು. ತಟ್ಟೆಯಲ್ಲಿ ಐದು ಮೆಣಸಿನಕಾಯಿ ತೊಟ್ಟು, ಒಂದರ ಪಕ್ಕ ಒಂದು, ಸಾಲಾಗಿ. ಹಾಗೆ ಜೋಡಿಸಿಡುವ ಚಟ ನನ್ನದು. ತಟ್ಟೆ ಇನ್ನೂ ಬೆಚ್ಚಗಿತ್ತು. ಹಿತ್ತಲಲ್ಲಿ ನಲ್ಲಿ ನೀರು ಸುರಿಯುವ ಸದ್ದು ಕೇಳುತ್ತಿತ್ತು. ಹೋಗಿ ನೋಡುವ ಧೈರ್ಯ ಬರಲಿಲ್ಲ.

ನಿಂತೇ ಒಂದು ಮಿರ್ಚಿ ಕಚ್ಚಿದೆ. ಇಷ್ಟು ದಿನ ಕನಸಿನಲ್ಲೂ ಕಾಡಿದ ರುಚಿ ಅದು. ಆದರೆ ಮೊದಲ ತುತ್ತಿಗೇ ಐದು ತಿಂದವಳ ತೇಗು ಬಂತು.

ಅಂತೂ ನಾನು ಇಳಿಸಿದ ನಾಲ್ಕು ಕಿಲೋ ಎಲ್ಲಿಗೆ ಹೋಗಿತ್ತೆಂದು ಗೊತ್ತಾಯಿತು. ಡಯಟ್ ಮಾಡುತ್ತಿರುವವರೇ, ನಿಮ್ಮ ನಿಮ್ಮ ಅಂಗಡಿಗಳಲ್ಲೂ ಒಮ್ಮೆ ವಿಚಾರಿಸಿ.