ಉಡಿಯ ಸಾಲಿನಲ್ಲಿ ಅವ್ವ

ಅವತ್ತು ನನ್ನವ್ವ ಉಡಿ ತುಂಬುವ ಸಾಲಿನಿಂದ ತಾನಾಗಿಯೇ ಎದ್ದುಹೋದಳು ಎಂದು ನಮ್ಮ ಓಣಿಯಲ್ಲಿ ಹೇಳುತ್ತಾರೆ. ಸೆಕೆಗೆ ತಲೆ ಸುತ್ತಿತಂತೆ. ಶ್ರಾವಣದ ಕಡೆಯ ದಿನ, ಹೊರಗೆ ಜಿಟಿಜಿಟಿ ಮಳೆ, ಸೆಕೆ ಎಲ್ಲಿಂದ ಬರಬೇಕು? ಈ ಕಥೆ ಮೊದಲು ಹುಟ್ಟಿದ್ದು ಪಕ್ಕದ ಮನೆಯ ಕಾಕಿಯ ಬಾಯಲ್ಲಿ. ಚರ್ಚಾಸ್ಪರ್ಧೆಯಲ್ಲಿ ಇಂಥ ಸಾಕ್ಷಿ ತಂದವರನ್ನು ನಾನು ಎರಡು ನಿಮಿಷದಲ್ಲಿ ಕೂರಿಸಿದ್ದೇನೆ. ಇದನ್ನು ಕೂರಿಸಲು ಇಷ್ಟು ವರ್ಷ ಬೇಕಾಯಿತು.

ಹುನಗುಂದದ ನಮ್ಮ ಓಣಿಯ ಮಠದಲ್ಲಿ ಆ ಸಲ ತಿಂಗಳಿಡೀ ಶರಣೆಯರ ಪುರಾಣ. ಹೇಳಲು ಬಂದ ಗುರುಗಳ ಕಂಠ ಚೆನ್ನಾಗಿತ್ತು, ಮೈಕು ಇನ್ನೂ ಚೆನ್ನಾಗಿತ್ತು. ಅರಮನೆ ಬಿಟ್ಟು ಒಬ್ಬಳೇ ಹೊರಟ ಶರಣೆ; ಗಂಡ ಹೆಚ್ಚಿಗೆ ತಂದ ಅಕ್ಕಿಯನ್ನು ಇದ್ದಲ್ಲಿಯೇ ಸುರಿದು ಬಾ ಎಂದು ತಿರುಗಿ ಕಳಿಸಿದ ಶರಣೆ. ಇವರ ಧೈರ್ಯ ಕಲಿಯಿರಿ ಎಂದು ದಿನಾ ಸಂಜೆ ಹೆಂಗಸರಿಗೆ ಹೇಳುತ್ತಿದ್ದರು. ಗಂಡಸರು ಏನು ಕಲಿಯಬೇಕೆಂದು ಹೇಳಿದ ನೆನಪಿಲ್ಲ.

ಒಂದು ಸಂಜೆ, ಲಿಂಗವನ್ನೇ ಪತಿಯೆಂದು ಕಟ್ಟಿಕೊಂಡವಳಿಗೆ ವಿಧವೆಯೆಂಬ ಹೆಸರೇ ಇಲ್ಲ ಎಂದರು. ಜನ ಚಪ್ಪಾಳೆ ತಟ್ಟಿದರು. ಬಾಗಲಕೋಟೆಯ ಕಾಲೇಜಿನಿಂದ ರಜೆಗೆ ಬಂದಿದ್ದ ನಾನು ಕಂಬಕ್ಕೆ ಒರಗಿ ಆಕಳಿಸುತ್ತಿದ್ದೆ. ನನಗೆ ದೇವರಲ್ಲೇ ನಂಬಿಕೆಯಿಲ್ಲ, ಇನ್ನು ಪ್ರವಚನ! ಅಪ್ಪ ತೀರಿ ಮೂರು ವರ್ಷವಾಗಿತ್ತು. ಅವ್ವ ಕೊರಳಿನ ಲಿಂಗವನ್ನು ಸೆರಗಿನೊಳಗೆ ಮುಷ್ಟಿಯಲ್ಲಿ ಹಿಡಿದು ಕೂತಿದ್ದಳು. ಇಡೀ ಮಠದಲ್ಲಿ ಆ ಮಾತನ್ನು ನಂಬಿದವಳು ಅವಳೊಬ್ಬಳೇ.

ಪುರಾಣ ಮುಗಿಯುವ ದಿನ ಮುತ್ತೈದೆಯರಿಗೆ ಉಡಿ ತುಂಬುವುದು ನಮ್ಮಲ್ಲಿ ಪದ್ಧತಿ: ಒಡ್ಡಿದ ಸೆರಗಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿಣಕೊಂಬು, ರವಿಕೆಗೆ ಒಂದು ಗುಳೇದಗುಡ್ಡದ ಖಣ. ಗಂಡ ಸತ್ತವಳು ಆ ಅಕ್ಕಿ ಹಸನು ಮಾಡಬಹುದು, ಉತ್ತತ್ತಿ ಆರಿಸಬಹುದು. ಸೆರಗು ಒಡ್ಡುವಂತಿಲ್ಲ. ಅವ್ವ ಹಿಂದಿನ ಎರಡು ದಿನ ಆ ಕೆಲಸವನ್ನೆಲ್ಲ ಮಾಡಿದ್ದಳು. ಮೂರನೆಯ ದಿನ ಟ್ರಂಕಿನೊಳಗಿದ್ದ ಇಳಕಲ್ ಸೀರೆ ಉಟ್ಟು, ಯಾರನ್ನೂ ಕೇಳದೆ, ಹೋಗಿ ಸಾಲಿನಲ್ಲಿ ಕೂತುಬಿಟ್ಟಳು.

ಉಡಿ ತುಂಬುತ್ತ ಬಂದವಳು ಕಾಕಿ. ಅವಳ ಬಾಣಂತನದಲ್ಲಿ ತಲೆಗೆ ನೀರೆರೆದವಳು ನನ್ನವ್ವ. ಕಾಕಿ ಅವ್ವನ ಮುಂದೆ ಒಂದು ಕ್ಷಣ ನಿಂತು, ದಾಟಿ, ಪಕ್ಕದವಳ ಸೆರಗಿಗೆ ಬಗ್ಗಿದಳು. ಹಿಂದೆ ಯಾರೋ, "ಹುಚ್ಚ ಹಿಡದೈತೇನ ಈಕಿಗೆ?" ಎಂದು ನಕ್ಕರು.

ನಾನು ಎದ್ದು ನಿಂತೆ.

"ಗುರುಗಳ, ಪತಿ ಅಂದ್ರ ಲಿಂಗ ಅಂತ ನೀವ ಹೇಳಿದ್ರಿ. ಹಂಗಾದ್ರ ನಮ್ಮವ್ವನ ಗಂಡ ಯಾವಾಗ ಸತ್ತಾನ್ರಿ?"

"ತತ್ವ ಬ್ಯಾರೆ, ರೂಢಿ ಬ್ಯಾರೆ, ತಂಗಿ."

"ಅಂದ್ರ ತತ್ವ ಮೈಕಿಗೆ, ರೂಢಿ ನಮ್ಮವ್ವಗ?"

ಗಂಡಸರ ಕಡೆಯಿಂದ ನಗೆ ಬಂತು. "ಈ ಹುಡುಗಿ ವಕೀಲಿಕಿ ಮಾಡ್ತೈತಿ ಬಿಡಲೇ" ಎಂದ ಒಬ್ಬ. ಗುರುಗಳು ಮುಖ ಒರೆಸಿಕೊಂಡು, ಆ ತಾಯಿಗೂ ತುಂಬಿರಿ, ನನ್ನದೇನೂ ಅಡ್ಡಿಯಿಲ್ಲ ಎಂದು ಮೈಕಿನಲ್ಲೇ ಹೇಳಿದರು. ಮಠದ ಕಮಿಟಿಯವರೂ ಹೂಂ ಎಂದು ತಲೆಯಾಡಿಸಿದರು.

ಗೆದ್ದೆ ಅಂದುಕೊಂಡೆ. ನಾಚಿಕೆಯಾಗುತ್ತದೆ, ಆದರೂ ಹೇಳಬೇಕು: ಆ ಹೊತ್ತಿನಲ್ಲಿ ನಾನು ನೋಡುತ್ತಿದ್ದದ್ದು ಗುರುಗಳ ಇಳಿದ ಮುಖವನ್ನು, ಅವ್ವನನ್ನಲ್ಲ. ತಿರುಗಿ ನೋಡಿದಾಗ ಕಾಕಿ ಮರಳಿ ಅವ್ವನ ಮುಂದೆ ನಿಂತಿದ್ದಳು. ಅವ್ವ ಸೆರಗು ಒಡ್ಡಿದ್ದಳು. ಕಾಕಿಯ ಕೈ ಮೊರದೊಳಗಿನ ಅಕ್ಕಿಯಲ್ಲಿ ಹೂತಿತ್ತು, ಮೇಲೆ ಬರಲೇ ಇಲ್ಲ. ಅವಳು ಸಾಲಿನ ಕಡೆ ನೋಡಿದಳು. ಸಾಲು ನೆಲ ನೋಡಿತು. ತಾನು ತುಂಬುತ್ತೇನೆಂದು ಇನ್ನೊಬ್ಬಳೂ ಏಳಲಿಲ್ಲ. ಗುರುಗಳು ಗಡಿಬಿಡಿಯಲ್ಲಿ ಮಂಗಳಾರತಿ ಶುರು ಮಾಡಿದರು. ಅದು ಮುಗಿಯುವವರೆಗೂ ಅವ್ವ ಸೆರಗು ಒಡ್ಡಿಕೊಂಡೇ ಕೂತಿದ್ದಳು. ಆಮೇಲೆ ಅದನ್ನು ಮಡಚಿ, ಎದ್ದು ನಡೆದಳು.

ದಾರಿಯಲ್ಲಿ ಹೇಳಿದಳು: "ನಾ ನಿನಗ ಬಾಯಿ ತೆಗಿ ಅಂದಿದ್ನೇನು? ಸುಮ್ನ ಕುಂತಿದ್ರ ಆಕಿ ತಿರುಗಿ ಬರೂವಾಗ ಹಾಕ್ತಿದ್ಲೋ ಏನೋ."

ಈ ವಾದದಲ್ಲಿ ಗೆದ್ದವಳು ಅವ್ವ. ಆದರೆ ನನ್ನ ತಪ್ಪಿನ ಮರೆಯಲ್ಲಿ ಉಳಿದವರು ಪಾರಾಗುವುದು ಬೇಡ. ಗುರುಗಳ ಮೇಲಿನ ಸಿಟ್ಟು ಯಾವಾಗಲೋ ತಣ್ಣಗಾಗಿದೆ. ಆಡುವುದು ಒಂದು, ಮಾಡುವುದು ಒಂದು ಅವರ ಕಸುಬು. ಕಾಕಿಯ ಮೇಲಿನದು ಇನ್ನೂ ಸುಡುತ್ತಿದೆ. ಮರುದಿನ ಮುಂಜಾನೆ ಅವಳು ಏನೂ ಆಗಿಲ್ಲದವಳ ಹಾಗೆ ಹೋಳಿಗೆ ಹಿಡಿದುಕೊಂಡು ಬಂದಾಗ ಬಾಗಿಲಲ್ಲೇ ತಡೆದು ಕೇಳಿದೆ. ಅವಳು ತಾಟನ್ನು ಕಟ್ಟೆಯ ಮೇಲಿಟ್ಟು ಹೋದಳು. ಈಗ ಮತ್ತೆ ಕೇಳುತ್ತೇನೆ.

ಗುರುಗಳು ಹೂಂ ಅಂದಿದ್ರು, ಕಮಿಟಿಯವರು ಹೂಂ ಅಂದಿದ್ರು, ಅಕ್ಕಿ ನಿನ್ನ ಮುಷ್ಟ್ಯಾಗ ಇತ್ತು. ನೀ ಯಾರಿಗೆ ಅಂಜಿದಿ, ಕಾಕಿ?