ಕಿವಿಯಿಂದ ಸಿನಿಮಾ ನೋಡುವ ಟೀಚರ್

ಹೊಲಿಗೆ ಟೀಚರ್ ನಿವೃತ್ತರಾಗಿ ವರ್ಷಗಳೇ ಕಳೆದಿದ್ದವು. ಬೀದಿಯ ಮಕ್ಕಳಿಗೆ ಮಾತ್ರ ಅವರು ಇನ್ನೂ ಕತ್ತರಿ ಟೀಚರ್. ಬಟ್ಟೆ ಕತ್ತರಿಸಿದ್ದಕ್ಕೆ ಬಂದ ಹೆಸರಲ್ಲ ಅದು. ಗ್ರಂಥಾಲಯದ ಮಹಡಿಯ ಹಾಲ್‌ನಲ್ಲಿ ತಿಂಗಳಿಗೊಂದು ಶನಿವಾರ ಮಕ್ಕಳಿಗೆ ಸಿನಿಮಾ ತೋರಿಸುತ್ತಿದ್ದರು. ಯಾವುದು ಬೇಕು, ಯಾವುದು ಬೇಡ ಎಂದು ತೀರ್ಮಾನಿಸುವವರು ಇವರು. ಯಾರಿಗೂ ಬೇಡವಾಗಿ ಇವರ ಕೊರಳಿಗೆ ಬಿದ್ದ ಕೆಲಸ. ಬಿದ್ದ ಮೇಲೆ ಅವರು ಹಿಡಿದ ಪಟ್ಟು ಬಿಟ್ಟವರಲ್ಲ.

ಅಂಗಿ ಕೈಗೆ ಬಂದರೆ ಮೊದಲು ಒಳಮಗ್ಗುಲು ತಿರುಗಿಸಿ ಹೊಲಿಗೆ ನೋಡುವ ಅಭ್ಯಾಸ ಅವರದು. ಸಿನಿಮಾವನ್ನೂ ಹಾಗೇ ನೋಡುತ್ತಿದ್ದರು. ಮೊದಲ ಸಲ ಎಲ್ಲರ ಹಾಗೆ ಪರದೆಗೆ ಮುಖ ಮಾಡಿ. ಎರಡನೆಯ ಸಲ ಕುರ್ಚಿ ತಿರುಗಿಸಿಕೊಂಡು, ಪರದೆಗೆ ಬೆನ್ನು ಹಾಕಿ, ಬರೀ ಕೇಳುತ್ತ. ಯಾಕೆ ಟೀಚರ್ ಹೀಗೆ ಎಂದರೆ, "ಹೆದರಿದ ಮಗು ಎರಡೂ ಕೈಲಿ ಕಣ್ಣು ಮುಚ್ಕೊಳ್ಳುತ್ತೆ. ಕಿವಿ ಮುಚ್ಚೋಕೆ ಮೂರನೇ ಕೈ ಎಲ್ಲಿಂದ ತರುತ್ತೆ?" ಎನ್ನುವರು.

ಈ ಮಾತಿನ ಮೇಲೆ ತಾಯಂದಿರಿಗೆ ಎಷ್ಟು ನಂಬಿಕೆಯೆಂದರೆ, ಮಕ್ಕಳನ್ನು ಗ್ರಂಥಾಲಯದ ಬಾಗಿಲಲ್ಲಿ ಬಿಟ್ಟು ಹಿಂತಿರುಗಿ ನೋಡದೆ ತಮ್ಮ ಕೆಲಸಕ್ಕೆ ಹೋಗುತ್ತಿದ್ದರು. ಟೀಚರ್ ನೋಡಿದ್ದಾರೆ ಎಂದರೆ ಮುಗಿಯಿತು.

ಆದರೆ ಬರಬರುತ್ತ ಹಿಂದಿನ ಸಾಲಿನ ಕುರ್ಚಿಗಳು ಖಾಲಿಯಾದವು. ದೊಡ್ಡ ಮಕ್ಕಳು ಬರುವುದನ್ನು ಬಿಟ್ಟರು. ಹನ್ನೊಂದು ತುಂಬಿದ ಸ್ವಂತ ಮೊಮ್ಮಗಳೇ ಬಿಟ್ಟಳು.

"ಅಜ್ಜಿ, ನಿನ್ನ ಸಿನಿಮಾದಲ್ಲಿ ಒಂದು ಮೊಲ ಇರುತ್ತೆ, ಇಲ್ಲಾ ಆನೆಮರಿ ಇರುತ್ತೆ. ಎರಡೂ ಇದ್ರೆ ಕೊನೇಲಿ ಸ್ನೇಹಿತರಾಗ್ತವೆ. ಇಷ್ಟಕ್ಕೆ ಮೆಟ್ಟಿಲು ಹತ್ತಿ ಬರಬೇಕಾ?"

ಅದಾದ ಸ್ವಲ್ಪ ದಿನಕ್ಕೆ ಗ್ರಂಥಪಾಲಕ ಹೊಸ ಸಿನಿಮಾವೊಂದನ್ನು ಹಿಡಿದು ಮನೆಗೇ ಬಂದ. ಚಿಕ್ಕ ವಯಸ್ಸು, ದೊಡ್ಡ ಚಿಂತೆ.

"ಟೀಚರ್, ಈ ಸಲವೂ ದೊಡ್ಡ ಮಕ್ಕಳು ಬರದಿದ್ರೆ ಶನಿವಾರದ ಆಟ ನಿಲ್ಲಿಸ್ತೀವಿ ಅಂದಿದ್ದಾರೆ ಮೇಲಿನವರು. ಇದು ದೆವ್ವದ ಸಿನಿಮಾ, ಆದ್ರೆ ಶುರುವಿಂದ ಕೊನೇವರೆಗೂ ನಗು. ಹೂಂ ಅಂದುಬಿಡಿ."

"ನೋಡದೆ ಹೂಂ ಅಂದ್ರೆ ಇಷ್ಟು ವರ್ಷ ಕಾದ ಬಾಗಿಲು ನಾನೇ ತೆರೆದ ಹಾಗಾಯ್ತಲ್ಲಪ್ಪ. ಬಿಟ್ಟುಹೋಗು. ನೋಡ್ತೀನಿ."

ನೋಡಿದರು. ಒಂದು ಪಾಳುಮನೆ, ಅದರೊಳಗೆ ಹೆದರಿಸಲು ಬಾರದ ದೆವ್ವಗಳು. ಒಂದಕ್ಕೆ ಕತ್ತಲೆಂದರೆ ಭಯ. ಇನ್ನೊಂದು ಗೋಡೆ ದಾಟಲು ಹೋಗಿ ಹೊಟ್ಟೆ ಸಿಕ್ಕಿಕೊಂಡು ಒದ್ದಾಡುತ್ತದೆ. ಆ ಮನೆಗೆ ಸಂಸಾರವೊಂದು ಬಂದು ಸೇರುತ್ತದೆ. ದೆವ್ವಗಳ ಎಡವಟ್ಟಿನಿಂದ ಅಪ್ಪ ಅಮ್ಮ ಇಬ್ಬರೂ ಮಗನ ಕಣ್ಣಿಗೆ ಕಾಣದಂತಾಗುತ್ತಾರೆ. ಟೀಚರಿಗೇ ನಗು ತಡೆಯಲಾಗಲಿಲ್ಲ.

ಎರಡನೆಯ ಸಲ ಬೆನ್ನು ಹಾಕಿ ಕೂತರು. ಬಾಗಿಲು ಕಿರುಗುಟ್ಟಿತು, ಹಿಂದೆಯೇ ನಗು. ಚೀರಾಟ ಕೇಳಿತು, ಅದರ ಹಿಂದೆಯೂ ನಗು. ನಡುವೆ ಒಂದು ಕಡೆ ಸದ್ದೇ ಇರಲಿಲ್ಲ. ಇಲ್ಲೇನೂ ಇಲ್ಲ ಎಂದುಕೊಂಡು ಟೀಚರ್ ಆ ಹೊತ್ತಿನಲ್ಲಿ ಸೆರಗಿನಿಂದ ಕನ್ನಡಕ ಒರೆಸಿಕೊಂಡರು. ಸಿನಿಮಾ ಪಾಸಾಯಿತು ಎಂದೇ ಅವರ ಲೆಕ್ಕ.

ಆದರೂ ಯಾಕೋ ಸಮಾಧಾನವಾಗಲಿಲ್ಲ. ಮರುದಿನ ಮೊಮ್ಮಗಳನ್ನು ಕೂರಿಸಿ ಮೂರನೆಯ ಸಲ ಹಾಕಿದರು. ತಾವು ಸಿನಿಮಾ ನೋಡಲಿಲ್ಲ, ಅವಳ ಮುಖ ನೋಡುತ್ತ ಕೂತರು.

ಹುಡುಗಿ ಕಾಲು ಆಡಿಸುತ್ತ, ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ಸದ್ದಿಲ್ಲದ ಜಾಗ ಬಂತು. ಆಡುತ್ತಿದ್ದ ಕಾಲು ನಿಂತಿತು. ಕೈ ಕುರ್ಚಿಯ ಅಂಚು ಹಿಡಿಯಿತು. ಟೀಚರ್ ತಟ್ಟನೆ ಪರದೆಯತ್ತ ತಿರುಗಿದರು. ಅಲ್ಲಿ ಅಮ್ಮ ಸೊಂಟದ ಮೇಲೆ ಕೈಯಿಟ್ಟು ಮಗನನ್ನು ಬೈಯುತ್ತಿದ್ದಾಳೆ, ಬಾಯಿ ಆಡುತ್ತಿದೆ, ದನಿ ಇಲ್ಲ. ದೊಡ್ಡವರಿಗೆ ತಮಾಷೆ. ಮಗನಿಗೆ ಅವಳು ಕಾಣುತ್ತಿಲ್ಲ. ಅವನು ಯಾರನ್ನೂ ಕೂಗುವುದಿಲ್ಲ. ಮೆಟ್ಟಿಲ ಮೇಲೆ ಸುಮ್ಮನೆ ಕೂರುತ್ತಾನೆ.

"ಹೆದರಿಕೆ ಆಯ್ತಾ?" ಎಂದು ಆಮೇಲೆ ಕೇಳಿದರು.

"ದೆವ್ವಕ್ಕಾ? ಪಾಪ, ಅವಕ್ಕೇ ನಾವು ಧೈರ್ಯ ಹೇಳಬೇಕು. ಆ ಮೆಟ್ಟಿಲ ಹತ್ತಿರ ಮಾತ್ರ ಹೇಗೋ ಆಯ್ತು. ಆದ್ರೆ ಅದೇ ಚೆನ್ನಾಗಿರೋದು. ತಮ್ಮನಿಗೆ ತೋರಿಸಬೇಡ ಅಜ್ಜಿ. ಅವನಿಗೆ ಅಮ್ಮ ಸ್ನಾನಕ್ಕೆ ಹೋದ್ರೂ ಬಾಗಿಲು ತಟ್ಟಬೇಕು."

ಟೀಚರ್ ಅಂದೇ ಗ್ರಂಥಾಲಯಕ್ಕೆ ಹೋದರು.

"ಹತ್ತು ದಾಟಿದವರು ಒಬ್ಬರೇ ಬಂದ್ರೂ ಸರಿ. ಅದಕ್ಕಿಂತ ಚಿಕ್ಕವರು ಮನೆಯ ದೊಡ್ಡವರ ಪಕ್ಕ ಕೂತು ನೋಡಲಿ. ಒಂಟಿಯಾಗಿ ಬಂದ ಚಿಕ್ಕ ಮಗು ಒಳಗೆ ಹೋಗೋ ಹಾಗಿಲ್ಲ."

"ಟೀಚರ್, ತಾಯಂದಿರು ಬಿಟ್ಟುಹೋಗೋದೇ ರೂಢಿ. ಅರ್ಧ ಕುರ್ಚಿ ಖಾಲಿ ಬೀಳುತ್ತೆ. ಅದರ ಬದಲು ಆ ಮೆಟ್ಟಿಲಿನ ಭಾಗ ಹಾರಿಸಿಬಿಡೋಣ."

"ಅದನ್ನ ಹಾರಿಸಿದ್ರೆ ಮತ್ತೆ ಮೊಲದ ಸಿನಿಮಾನೇ," ಎಂದಳು ಜೊತೆಗೆ ಬಂದಿದ್ದ ಮೊಮ್ಮಗಳು.

"ಹಾಗಾದ್ರೆ ಎಲ್ಲರೂ ನೋಡಬಹುದು, ಚಿಕ್ಕವರು ಸ್ವಲ್ಪ ಜೋಪಾನ ಅಂತ ಬರೆದು ಹಾಕೋಣ?"

"ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಹೇಳೋಕೆ ನಾನ್ಯಾಕಪ್ಪ ಬೇಕು? ಖಾಲಿ ಕುರ್ಚಿಗೆ ಕೆಟ್ಟ ಕನಸು ಬೀಳಲ್ಲ. ನಾನು ಹೇಳಿದ ಹಾಗೇ ಬರಿ."

ಶನಿವಾರ ಮಧ್ಯಾಹ್ನ ಟೀಚರ್ ಹಾಲ್‌ನ ಬಾಗಿಲಿಗೇ ಕುರ್ಚಿ ಹಾಕಿಕೊಂಡರು. ಇಬ್ಬರು ತಾಯಂದಿರು ಗೊಣಗುತ್ತಲೇ ಒಳಗೆ ಹೋಗಿ ಮಕ್ಕಳ ಪಕ್ಕ ಕೂತರು. ಒಬ್ಬಳು ಸಿಡಿಮಿಡಿಗೊಂಡು ಮಗನನ್ನು ವಾಪಸ್ ಕರೆದುಕೊಂಡು ಹೋದಳು. ಮುಂದಿನ ಸಾಲುಗಳು ಬೋಳಾದವು. ಮೊಮ್ಮಗಳು ಮಾತ್ರ ತನ್ನ ವಯಸ್ಸಿನವರ ದಂಡನ್ನೇ ಕಟ್ಟಿಕೊಂಡು ಬಂದು ಹಿಂದಿನ ಸಾಲುಗಳನ್ನು ತುಂಬಿಸಿದಳು. ಗ್ರಂಥಪಾಲಕ ಒಮ್ಮೆ ಮುಂದೆ ನೋಡಿದ, ಒಮ್ಮೆ ಹಿಂದೆ ನೋಡಿದ. ನಗಬೇಕೋ ಅಳಬೇಕೋ ತಿಳಿಯದೆ ದೀಪ ಆರಿಸಿದ.

ಅಷ್ಟರಲ್ಲಿ ಮೆಟ್ಟಿಲು ಹತ್ತಿ ಬಂದ ಐದು ವರ್ಷದ ಮೊಮ್ಮಗ. ಅವನಮ್ಮ ಕೆಳಗೆ ಬಿಟ್ಟು ಕೆಲಸಕ್ಕೆ ಹೋಗಿಯಾಗಿತ್ತು.

"ಅಜ್ಜಿ, ಜರುಗು. ಅಕ್ಕ ಒಳಗಿದಾಳೆ."

"ನೀನು ದೊಡ್ಡವರ ಜೊತೆ ಬರಬೇಕಿತ್ತು."

"ನೀನೇ ದೊಡ್ಡವಳು ಅಲ್ವಾ?"

"ಹೌದು. ಆದ್ರೆ ನಾನು ಬಾಗಿಲು ಕಾಯಬೇಕು."

ಹುಡುಗ ಗಲಾಟೆ ಮಾಡಿದ, ನೆಲಕ್ಕೆ ಕಾಲು ಬಡಿದ, ಇನ್ನು ನಿನ್ನ ಮನೆಗೇ ಬರಲ್ಲ ಎಂದ. ಟೀಚರ್ ಜಗ್ಗಲಿಲ್ಲ. ಕೊನೆಗೆ ಅವನು ಸೋತು ಅವರ ಮಡಿಲಿಗೆ ಒರಗಿದ. ಇಬ್ಬರೂ ಮುಚ್ಚಿದ ಬಾಗಿಲಿಗೆ ಕಿವಿಕೊಟ್ಟು ಕೂತರು.

ಒಳಗೆ ಬಾಗಿಲು ಕಿರುಗುಟ್ಟಿತು, ನಗು. ಚೀರಾಟ, ಮತ್ತೆ ನಗು. ಆಮೇಲೆ ಏನೂ ಕೇಳಿಸಲಿಲ್ಲ. ಟೀಚರ್ ಈ ಸಲ ಕನ್ನಡಕ ಮುಟ್ಟಲಿಲ್ಲ.

"ಅಜ್ಜಿ, ಒಳಗೆ ಯಾಕೆ ಯಾರೂ ನಗ್ತಿಲ್ಲ?"

"ತಾಳು. ನಗ್ತಾರೆ."

ಹುಡುಗ ಅವರ ಹೆಬ್ಬೆರಳು ಹಿಡಿದುಕೊಂಡ. ಟೀಚರ್ ಕಾದರು. ಒಳಗೆ ಮೊದಲು ಒಬ್ಬಳೇ ನಕ್ಕಳು. ಆ ನಗು ಯಾರದೆಂದು ಅಜ್ಜಿಗೆ ಗೊತ್ತು. ಹಿಂದೆಯೇ ಇಡೀ ಹಾಲ್ ನಕ್ಕಿತು.