ಕ್ಯಾಶ್ ಕೌಂಟರಿನ ಮೇಲೆ ನನ್ನ ಬ್ಲಾಗ್

"ಅಜ್ಜನ ಬಗ್ಗೆ ಒಳ್ಳೇದೇ ಬರ್ದಿದ್ದೀರಿ ಅಲ್ವಾ ಅಂಕಲ್?"

ಮೊಬೈಲಿನಿಂದ ತಲೆಯೆತ್ತಿ ಆ ಹುಡುಗಿ ಕೇಳಿದಾಗ ನಾನು ಕಾಫಿ ಲೋಟ ಕೆಳಗಿಟ್ಟೆ.

ಸೂರತ್‌ನ ಅಡಾಜಣ್‌ನಲ್ಲಿ ಅವಳ ಮನೆಯವರದು ಉಡುಪಿ ಹೋಟೆಲ್. ಅದನ್ನು ಶುರು ಮಾಡಿದ ಅವಳ ಅಜ್ಜ ಈಚೆಗೆ ತೀರಿಕೊಂಡಿದ್ದರು. ಅವರ ಬಗ್ಗೆ ನನ್ನ ಕನ್ನಡ ಬ್ಲಾಗ್‌ನಲ್ಲಿ ಬರೆದು, ಹೊಸ ಓದುಗರು ಸಿಕ್ಕಾರೆಂಬ ಆಸೆಯಿಂದ ಅದರ ಕ್ಯೂಆರ್ ಕೋಡನ್ನು ಅವರದೇ ಕ್ಯಾಶ್ ಕೌಂಟರಿನ ಮೇಲೆ, ಹಣ ಕಟ್ಟುವ ಕೋಡಿನ ಪಕ್ಕ ಅಂಟಿಸಿದ್ದೆ. ನನ್ನ ಕಣ್ಣೆದುರು ಸ್ಕ್ಯಾನ್ ಮಾಡಿದವಳು ಈ ಮೊಮ್ಮಗಳೊಬ್ಬಳೇ.

"ಈಗ ಓದಿದೆಯಲ್ಲ, ನೀನೇ ಹೇಳು" ಅಂದೆ.

"ನಂಗೆ ಕನ್ನಡ ಮಾತಾಡ್ಲಿಕ್ಕೆ ಮಾತ್ರ ಬರ್ತದೆ ಅಂಕಲ್, ಓದ್ಲಿಕ್ಕೆ ಬರುದಿಲ್ಲ. ಫೋಟೋ ಚಂದ ಉಂಟು."

ಕೂತ್ಕೋ, ಓದಿ ಹೇಳ್ತೇನೆ ಅನ್ನುವಷ್ಟರಲ್ಲಿ ಪಾರ್ಸೆಲ್ ಗಿರಾಕಿಗಳು ಮುತ್ತಿಕೊಂಡರು. ಫ್ರೆಂಡ್ಸ್‌ಗೆಲ್ಲ ಶೇರ್ ಮಾಡಿದ್ದೇನೆ ಎಂದು ನನಗೆ ಸಮಾಧಾನ ಹೇಳಿ ಅವಳು ಬಿಲ್ ಹಾಕಲು ನಿಂತಳು. ಗದ್ದಲದಲ್ಲಿ ಹೇಳುವ ಮಾತು ಅದಾಗಿರಲಿಲ್ಲ. ನಾನು ಎದ್ದು ಬಂದೆ.

ಸಂಜೆಯೊಳಗೆ ನನ್ನ ಬ್ಲಾಗಿಗೆ ಹಿಂದೆಂದೂ ಬರದಷ್ಟು ಜನ ಬಂದರು. ಕಮೆಂಟುಗಳಲ್ಲಿ ಮುಗಿದ ಕೈಗಳು, ಹೂವುಗಳು, ಗುಜರಾತಿಯಲ್ಲಿ ಸಾಂತ್ವನ. ಮಂಡಿ ನೋವಿದ್ದರೂ ಅಜ್ಜ ದಿನಾ ಕೌಂಟರಿಗೆ ಬಂದು ಕೂರುತ್ತಿದ್ದದ್ದು ಕಾಲೇಜಿನಿಂದ ಬರುವ ಮೊಮ್ಮಗಳ ಮುಖ ನೋಡಲಿಕ್ಕೆ ಎಂದು ಕೊನೆಯ ಸಾಲಿನಲ್ಲಿ ಬರೆದಿದ್ದೆ. ಅದನ್ನು ಅವಳೂ ಓದಲಿಲ್ಲ, ಅವಳು ಕಳಿಸಿಕೊಟ್ಟ ಓದುಗರೂ ಓದಲಿಲ್ಲ.